ತೆಳುಪದರಗಳಲ್ಲಿ ಶಾಖದ ಪಯಣ

ಚಳಿಗಾಲದ ರಾತ್ರಿ ಹೊದೆಯಲು ಒಂದು ದಪ್ಪ ಕಂಬಳಿಗಿಂತ ಎರಡು ತೆಳುವಾದ ಕಂಬಳಿಗಳು ಮೇಲು ಎಂಬುದು ಮನೆಯ ಹಿರಿಯರೆಲ್ಲರೂ ಬಲ್ಲ ಸಂಗತಿ. ಎರಡು ಕಂಬಳಿಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಸುಲಭವಾಗಿ ಹೊರಕ್ಕೆ ಬಿಟ್ಟುಕೊಡುವುದಿಲ್ಲ. ಒಲೆಯ ಮೇಲಿನ ಕಬ್ಬಿಣದ ಹೆಂಚನ್ನು ಮುಟ್ಟಿದರೆ ಬೆರಳು ಸುಡುತ್ತದೆ. ಕುದಿಯುವ ಸಾರಿನಲ್ಲಿ ಮರದ ಸೌಟನ್ನಾಡಿಸುವ ಕೈ ಸುಡುವುದಿಲ್ಲ. ಕಬ್ಬಿಣ ಶಾಖಕ್ಕೆ ದಾರಿ ಕೊಡುತ್ತದೆ, ಮರವೂ ಗಾಳಿಯೂ ಅದನ್ನು ತಡೆಯುತ್ತವೆ. ಇಷ್ಟನ್ನು ಅರಿಯಲು ವಿಜ್ಞಾನದ ಗ್ರಂಥಗಳನ್ನು ಓದಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎರಡು ಪದರಗಳ ನಡುವೆ ಗಾಳಿಗೆ ಎಡೆಯೇ ಇಲ್ಲವೆಂದು ಊಹಿಸಬೇಕು. ಒಂದು ಪದರದ ಕೊನೆಯ ಪರಮಾಣುವಿಗೆ ಮತ್ತೊಂದು ಪದರದ ಮೊದಲ ಪರಮಾಣು ಒತ್ತಾಗಿ ಕೂಡಿಕೊಂಡಿದೆ. ನಡುವೆ ಬಿರುಕಿಲ್ಲ, ಕೊಳೆಯಿಲ್ಲ. ಎರಡು ಪದರಗಳೂ ಶಾಖವನ್ನು ಚೆನ್ನಾಗಿಯೇ ಸಾಗಿಸುವಂಥವು. ಹೀಗಿದ್ದಾಗ ಅವು ಕೂಡುವ ಗಡಿ ಮಾತ್ರವೇ ಶಾಖಕ್ಕೆ ಅಡ್ಡಿಯಾಗಬಲ್ಲುದೆ? ಆಗಲಾರದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಆಗುತ್ತದೆಂದು ನಿಸರ್ಗ ಹೇಳುತ್ತದೆ. ಈ ಉತ್ತರವನ್ನು ಅರ್ಥಮಾಡಿಕೊಳ್ಳಲು ವಿಜ್ಞಾನಿಗಳು ನೂರೈವತ್ತು ವರ್ಷಗಳಿಗೂ ಹಳೆಯದಾದ ಒಂದು ನಿಯಮದ ಎಲ್ಲೆಯನ್ನು ಹುಡುಕಿಕೊಂಡು ಹೋಗಬೇಕಾಯಿತು.

ಆ ನಿಯಮವನ್ನು ಕೊಟ್ಟವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ. 1768ರಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದ ಅವನು ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡನು. 1798ರಲ್ಲಿ ನೆಪೋಲಿಯನ್ನನ ದಂಡಯಾತ್ರೆಯ ಜೊತೆಯಲ್ಲಿ ಈಜಿಪ್ಟಿಗೆ ಹೋಗಿ ಬಂದನು. ಬಳಿಕ ಗ್ರೆನೋಬಲ್ ನಗರದಲ್ಲಿದ್ದುಕೊಂಡು ಒಂದು ಪ್ರಾಂತದ ಆಡಳಿತವನ್ನು ನೋಡಿಕೊಂಡನು. ಜವುಗು ನೆಲವನ್ನು ಬಸಿಯುವ, ರಸ್ತೆಗಳನ್ನು ಮಾಡಿಸುವ ಕೆಲಸಗಳ ನಡುವೆಯೇ ಅವನು ಲೋಹದ ಉಂಗುರ, ಗೋಳಗಳನ್ನು ಕಾಯಿಸಿ ಅವುಗಳಲ್ಲಿ ಬಿಸಿ ಹೇಗೆ ಹರಡುತ್ತದೆಂಬುದನ್ನು ಅಳೆಯುತ್ತಿದ್ದನು. 1807ರಲ್ಲಿ ತನ್ನ ಪ್ರಬಂಧವನ್ನು ಪ್ಯಾರಿಸ್ಸಿನ ವಿದ್ವತ್ಸಂಸ್ಥೆಗೆ ಒಪ್ಪಿಸಿದನು. ಪರೀಕ್ಷಕರಲ್ಲೊಬ್ಬನಾದ ಲಗ್ರಾಂಜನು ಅದರ ಗಣಿತವಿಧಾನಕ್ಕೆ ಆಕ್ಷೇಪವೆತ್ತಿದನು. ಮುಂದೆ ಸ್ಪರ್ಧೆಯೊಂದರಲ್ಲಿ ಫೂರಿಯೆಗೆ ಬಹುಮಾನವೇನೋ ದೊರೆಯಿತು. ಆದರೆ ತರ್ಕದಲ್ಲಿ ಬಿಗಿ ಸಾಲದೆಂಬ ಟೀಕೆಯೂ ಅದರ ಜೊತೆಗೇ ಬಂತು. ಕೊನೆಗೆ 1822ರಲ್ಲಿ ಅವನ ಗ್ರಂಥ ಅಚ್ಚಾಗಿ ಹೊರಬಂದಿತು. ಹದಿನೈದು ವರ್ಷಗಳ ಕಾಲ ಅವನು ತನ್ನ ಮಾತನ್ನು ಬಿಟ್ಟುಕೊಟ್ಟಿರಲಿಲ್ಲ.

ಫೂರಿಯೆಯ ನಿಯಮ ಬಹಳ ಸರಳವಾದುದು. ಗೋಡೆಯೊಂದರ ಒಂದು ಮುಖ ಬಿಸಿಯಾಗಿಯೂ ಇನ್ನೊಂದು ಮುಖ ತಣ್ಣಗೂ ಇದ್ದರೆ, ಶಾಖವು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತದೆ. ಉಷ್ಣತೆಯ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು. ಗೋಡೆ ದಪ್ಪವಾದಷ್ಟೂ ಹರಿವು ಕಡಿಮೆ. ಇವೆರಡನ್ನು ಬೆಸೆಯುವ ಸಂಖ್ಯೆಯೇ ಆ ವಸ್ತುವಿನ ಉಷ್ಣವಾಹಕತೆ. ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅದನ್ನು ಅಳೆಯುತ್ತಾರೆ. ಈ ಅಳತೆಯಲ್ಲಿ ಗಾಜಿನ ಬೆಲೆ ಸುಮಾರು 1, ಸಿಲಿಕಾನಿನದು ಸುಮಾರು 150, ತಾಮ್ರದ್ದು ಸುಮಾರು 400, ವಜ್ರದ್ದು 2000ದಷ್ಟಾಗುತ್ತದೆ. ಪದರದ ಮೇಲೆ ಪದರವಿದ್ದರೆ ಒಂದೊಂದರ ರೋಧವನ್ನೂ ಕೂಡಿಸಿದರಾಯಿತು. ಇಟ್ಟಿಗೆಯ ಗೋಡೆಗೆ ಗಾರೆ ಬಳಿದಾಗ ಇಟ್ಟಿಗೆಯ ರೋಧಕ್ಕೆ ಗಾರೆಯ ರೋಧ ಸೇರುತ್ತದೆ, ಅಷ್ಟೆ. ಹಬೆಯಂತ್ರ, ಕುಲುಮೆ, ಶೀತಕಪೆಟ್ಟಿಗೆಗಳನ್ನೆಲ್ಲ ಕಟ್ಟಿದವರು ಈ ಲೆಕ್ಕವನ್ನೇ ನಂಬಿದರು. ಅದು ಅವರನ್ನು ಕೈಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮನುಷ್ಯನು ಬೇರೊಂದು ಬಗೆಯ ಗೋಡೆಗಳನ್ನು ಕಟ್ಟತೊಡಗಿದನು. 1970ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಲಿಯೊ ಎಸಾಕಿ ಮತ್ತು ರಾಫೆಲ್ ತ್ಸು ಎಂಬ ವಿಜ್ಞಾನಿಗಳು ಎರಡು ಅರೆವಾಹಕಗಳನ್ನು ಒಂದರ ಮೇಲೊಂದರಂತೆ, ಕೆಲವೇ ಪರಮಾಣುಗಳ ದಪ್ಪದಲ್ಲಿ, ಮತ್ತೆ ಮತ್ತೆ ಜೋಡಿಸಿ ಹೊಸದೊಂದು ಕೃತಕ ಸ್ಫಟಿಕವನ್ನು ಪಡೆಯಬಹುದೆಂದು ಸೂಚಿಸಿದರು. ಇದಕ್ಕೆ ಅತಿಜಾಲಕ ಎಂದು ಹೆಸರು. ಇದನ್ನು ತಯಾರಿಸುವ ಕ್ರಮ ಕುತೂಹಲಕರವಾದುದು. ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಪಾತ್ರೆಯೊಳಗೆ ಗ್ಯಾಲಿಯಂ, ಅಲ್ಯುಮಿನಿಯಂ, ಆರ್ಸೆನಿಕ್‌ಗಳನ್ನು ಬೇರೆ ಬೇರೆ ಮೂಸೆಗಳಲ್ಲಿ ಕಾಯಿಸುತ್ತಾರೆ. ಅವುಗಳಿಂದ ಹೊರಟ ಪರಮಾಣುಗಳು ಎದುರಿಗಿರುವ ಬಿಸಿಯಾದ ಬಿಲ್ಲೆಯ ಮೇಲೆ ಸಾಲು ಸಾಲಾಗಿ ಕೂರುತ್ತವೆ. ಮೂಸೆಗಳ ಮುಂದಿನ ಮುಚ್ಚಳಗಳನ್ನು ಸರದಿಯಂತೆ ತೆರೆದು ಮುಚ್ಚಿದರೆ ಒಂದು ಪದರ ಗ್ಯಾಲಿಯಂ ಆರ್ಸೆನೈಡ್, ಅದರ ಮೇಲೊಂದು ಪದರ ಅಲ್ಯುಮಿನಿಯಂ ಆರ್ಸೆನೈಡ್ ಹೀಗೆ ಸ್ಫಟಿಕ ಬೆಳೆಯುತ್ತ ಹೋಗುತ್ತದೆ. ಈ ಎರಡು ವಸ್ತುಗಳಲ್ಲಿ ಪರಮಾಣುಗಳ ಅಂತರ ಹೆಚ್ಚು ಕಡಿಮೆ ಒಂದೇ ಆದುದರಿಂದ ಗಡಿಯಲ್ಲಿ ಜಾಲಕವು ಎಲ್ಲಿಯೂ ಕಡಿಯದೆ ಮುಂದುವರಿಯುತ್ತದೆ.

ಈ ಪದರಗಳ ದಪ್ಪವನ್ನು ನ್ಯಾನೊಮೀಟರುಗಳಲ್ಲಿ ಹೇಳುತ್ತಾರೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ನ್ಯಾನೊಮೀಟರು. ಮನುಷ್ಯನ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರು. ಅತಿಜಾಲಕದ ಒಂದು ಪದರದ ದಪ್ಪ ಐದೋ ಹತ್ತೋ ನ್ಯಾನೊಮೀಟರು. 1994ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಥ ನೂರಾರು ಪದರಗಳಿಂದ ಹೊಸ ಬಗೆಯ ಲೇಸರೊಂದನ್ನು ನಿರ್ಮಿಸಿದರು. ಅದು ಮೊದಲು ಕೆಲಸಮಾಡಿದ್ದು ಕಡುಶೀತದಲ್ಲಿ ಮಾತ್ರ. ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಕು ಸೂಸುವಂತೆ ಮಾಡಲು 2002ರವರೆಗೆ ಕಾಯಬೇಕಾಯಿತು. ದಾರಿಗೆ ಅಡ್ಡವಾಗಿ ನಿಂತ ಮುಖ್ಯ ತೊಡಕುಗಳಲ್ಲಿ ಶಾಖವೂ ಒಂದು. ಒಳಗೆ ಹುಟ್ಟಿದ ಬಿಸಿ ಪದರಗಳನ್ನು ದಾಟಿ ಸಾಕಷ್ಟು ಬೇಗ ಹೊರಗೆ ಬರುತ್ತಿರಲಿಲ್ಲ.

ಏಕೆ ಬರುತ್ತಿರಲಿಲ್ಲ? ಫೂರಿಯೆಯ ಲೆಕ್ಕವನ್ನೇ ಮಾಡಿ ನೋಡಬಹುದು. ಗ್ಯಾಲಿಯಂ ಆರ್ಸೆನೈಡಿನ ಉಷ್ಣವಾಹಕತೆ ಸುಮಾರು 45, ಅಲ್ಯುಮಿನಿಯಂ ಆರ್ಸೆನೈಡಿನದು ಸುಮಾರು 90. ಸಮದಪ್ಪದ ಪದರಗಳನ್ನು ಸರದಿಯಾಗಿ ಜೋಡಿಸಿ ರೋಧಗಳನ್ನು ಕೂಡಿಸಿದರೆ, ಇಡೀ ರಚನೆಯ ಉಷ್ಣವಾಹಕತೆ 60 ಎಂದು ಬರುತ್ತದೆ. ಪದರಗಳು ದಪ್ಪವಿರಲಿ ತೆಳುವಿರಲಿ, ಉತ್ತರ ಅದೇ. ಆದರೆ 1990ರ ದಶಕದಲ್ಲಿ ಅತಿಜಾಲಕಗಳನ್ನು ನೇರವಾಗಿ ಅಳೆದಾಗ ಪದರಗಳಿಗೆ ಅಡ್ಡಲಾಗಿ ಹಾಯುವ ಶಾಖಕ್ಕೆ ಸಿಕ್ಕಿದ ಬೆಲೆ ಇದಕ್ಕಿಂತ ಹಲವು ಪಟ್ಟು ಕಡಿಮೆಯಾಗಿತ್ತು. ಸಿಲಿಕಾನ್ ಮತ್ತು ಜರ್ಮೇನಿಯಂ ಪದರಗಳಲ್ಲಂತೂ, ಕೆಲವು ರಚನೆಗಳ ಉಷ್ಣವಾಹಕತೆ ಆ ಎರಡು ಧಾತುಗಳನ್ನು ಬೆರಸಿ ಮಾಡಿದ ಮಿಶ್ರ ಸ್ಫಟಿಕಕ್ಕಿಂತಲೂ ಕೆಳಗಿಳಿದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅಳತೆಯಲ್ಲಿಯೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದುದು ಎಲ್ಲಿ?

ಇದನ್ನು ತಿಳಿಯಲು ಶಾಖವನ್ನು ಹೊತ್ತು ಸಾಗುವವರು ಯಾರೆಂಬುದನ್ನು ವಿಚಾರಿಸಬೇಕು. ಲೋಹಗಳಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಎಲೆಕ್ಟ್ರಾನುಗಳು ಮಾಡುತ್ತವೆ. ಅರೆವಾಹಕಗಳಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ಪರಮಾಣುಗಳ ಕಂಪನ. ಸ್ಫಟಿಕದಲ್ಲಿ ಪರಮಾಣುಗಳು ಒಂದಕ್ಕೊಂದು ಸುರುಳಿ ಕಂಬಿಯಿಂದ ಕಟ್ಟಿದ ಗುಂಡುಗಳಂತೆ ನಿಂತಿವೆ. ಒಂದು ಅಲುಗಿದರೆ ನೆರೆಯದು ಅಲುಗುತ್ತದೆ. ಅಲುಗಾಟ ಅಲೆಯಾಗಿ ಮುಂದೆ ಸಾಗುತ್ತದೆ. ಬೆಳಕಿನ ಅಲೆಗೆ ಕಣದ ಗುಣವೂ ಇರುವಂತೆ ಈ ಅಲೆಗೂ ಕಣದ ಗುಣವಿದೆ. ಆ ಕಣಕ್ಕೆ ಫೋನಾನ್ ಎಂದು ಹೆಸರು; ಧ್ವನಿ ಎಂಬರ್ಥದ ಗ್ರೀಕ್ ಪದದಿಂದ ಬಂದುದು. 1929ರಲ್ಲಿ ರುಡಾಲ್ಫ್ ಪೈಯರ್ಲ್ಸ್ ಎಂಬ ತರುಣ ಭೌತವಿಜ್ಞಾನಿಯು ಈ ಅಲೆಗಳು ಒಂದಕ್ಕೊಂದು ಡಿಕ್ಕಿಯಾಗಿ ಹೇಗೆ ತಡೆಗೊಳ್ಳುತ್ತವೆಂಬುದನ್ನು ಗಣಿತರೀತ್ಯಾ ವಿವರಿಸಿದನು.

ಜಾತ್ರೆಯ ಜನಜಂಗುಳಿಯಲ್ಲಿ ನುಗ್ಗುವವನು ನಾಲ್ಕು ಹೆಜ್ಜೆಗೊಮ್ಮೆ ಯಾರಿಗಾದರೂ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತಾನೆ. ಫೋನಾನಿನ ಪಾಡೂ ಅದೇ. ಎರಡು ಡಿಕ್ಕಿಗಳ ನಡುವೆ ಅದು ಸರಾಸರಿ ಎಷ್ಟು ದೂರ ಹೋಗುತ್ತದೆಯೋ ಅದನ್ನು ಮುಕ್ತಪಥ ಎನ್ನುತ್ತಾರೆ. ಕೊಠಡಿಯ ಉಷ್ಣತೆಯಲ್ಲಿರುವ ಸಿಲಿಕಾನಿನಲ್ಲಿ ಸರಳ ಲೆಕ್ಕದ ಪ್ರಕಾರ ಅದು ಸುಮಾರು 40 ನ್ಯಾನೊಮೀಟರು. ಇನ್ನೂ ಸೂಕ್ಷ್ಮವಾದ ಗಣನೆಗಳಿಂದ, ಸಾವಿರ ನ್ಯಾನೊಮೀಟರಿಗೂ ಹೆಚ್ಚು ದೂರ ತಡೆಯಿಲ್ಲದೆ ಸಾಗುವ ಫೋನಾನುಗಳೂ ಶಾಖದಲ್ಲಿ ದೊಡ್ಡ ಪಾಲನ್ನು ಹೊರುತ್ತವೆಂದು ತಿಳಿದುಬಂದಿದೆ. ಫೂರಿಯೆಯ ನಿಯಮ ನಿಂತಿರುವುದು ಲೆಕ್ಕವಿಲ್ಲದಷ್ಟು ಡಿಕ್ಕಿಗಳ ಮೇಲೆ. ಗೋಡೆಯ ದಪ್ಪಕ್ಕೆ ಹೋಲಿಸಿದರೆ ಮುಕ್ತಪಥ ಅತ್ಯಲ್ಪವಾಗಿರುವವರೆಗೆ ಶಾಖವು ನೀರಿನಂತೆ ಹರಿಯುತ್ತದೆನ್ನಬಹುದು. ಐದು ನ್ಯಾನೊಮೀಟರಿನ ಪದರದಲ್ಲಾದರೋ ಫೋನಾನು ಒಮ್ಮೆಯೂ ಡಿಕ್ಕಿ ಹೊಡೆಯದೆ ಈ ಗಡಿಯಿಂದ ಆ ಗಡಿಗೆ ಹಾರಿಬಿಡುತ್ತದೆ. ಅಲ್ಲಿ ಉಷ್ಣತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಮೆಲ್ಲನೆ ಇಳಿಯುತ್ತದೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಹರಿವು ಹೋಗಿ ಪಯಣ ಬರುತ್ತದೆ. ಪಯಣಿಗನಿಗೆ ಎದುರಾಗುವುದು ಗಡಿಯ ಬಾಗಿಲು.

ಗಡಿಯೂ ಒಂದು ರೋಧವೆಂಬುದನ್ನು 1941ರಲ್ಲಿ ರಷ್ಯದ ಪ್ಯೋತರ್ ಕಪಿತ್ಸ ಪ್ರಕಟಿಸಿದ್ದನು. ದ್ರವರೂಪದ ಹೀಲಿಯಂನಲ್ಲಿ ಮುಳುಗಿಸಿದ ಲೋಹವನ್ನು ಕಾಯಿಸಿದಾಗ, ಲೋಹದ ಮೈಗೂ ಅದಕ್ಕೆ ಅಂಟಿದ ದ್ರವಕ್ಕೂ ನಡುವೆ ಉಷ್ಣತೆಯು ಥಟ್ಟನೆ ಒಂದು ಮೆಟ್ಟಿಲಿನಷ್ಟು ಇಳಿಯುವುದನ್ನು ಅವನು ಕಂಡನು. ಘನವಸ್ತುಗಳೆರಡರ ನಡುವಣ ಗಡಿಯಲ್ಲಿಯೂ ಹೀಗೆಯೇ ಆಗುತ್ತದೆಂದು ಅನಂತರ ಗೊತ್ತಾಯಿತು. ದಪ್ಪ ಹಗ್ಗವೊಂದಕ್ಕೆ ತೆಳುವಾದ ಹಗ್ಗವನ್ನು ಗಂಟುಹಾಕಿ ಒಂದು ತುದಿಯನ್ನು ಕೊಡವಿದರೆ, ಅಲೆ ಗಂಟಿನವರೆಗೆ ಹೋಗಿ ಸ್ವಲ್ಪ ಭಾಗ ಮುಂದಕ್ಕೂ ಸ್ವಲ್ಪ ಭಾಗ ಹಿಂದಕ್ಕೂ ಸಾಗುತ್ತದೆ. ಗಂಟು ಎಷ್ಟೇ ಬಿಗಿಯಾಗಿದ್ದರೂ ಅಲೆಯೆಲ್ಲ ದಾಟಲಾರದು. ಏಕೆಂದರೆ ಅಡ್ಡಿ ಇರುವುದು ಗಂಟಿನಲ್ಲಲ್ಲ, ಎರಡು ಹಗ್ಗಗಳ ಸ್ವಭಾವದ ವ್ಯತ್ಯಾಸದಲ್ಲಿ. ಜರ್ಮೇನಿಯಂ ಪರಮಾಣು ಸಿಲಿಕಾನ್ ಪರಮಾಣುವಿಗಿಂತ ಎರಡೂವರೆ ಪಟ್ಟು ಭಾರವಾದುದು. ಸಿಲಿಕಾನಿನ ಚುರುಕಾದ ಕಂಪನಗಳಿಗೆ ದನಿಗೂಡಿಸುವುದು ಜರ್ಮೇನಿಯಂಗೆ ಸಾಧ್ಯವಿಲ್ಲ. ಅವು ಗಡಿಯಿಂದ ಹಿಂದಿರುಗುತ್ತವೆ.

ಈ ಗಡಿಗಳನ್ನು ಲೆಕ್ಕಕ್ಕೆ ತಂದರೆ ಏನಾಗುತ್ತದೆ? ಗಡಿಯೊಂದರ ರೋಧವು 60 ನ್ಯಾನೊಮೀಟರ್ ದಪ್ಪದ ವಸ್ತುವಿನ ರೋಧಕ್ಕೆ ಸಮವೆಂದಿಟ್ಟುಕೊಂಡರೆ, ಐದು ನ್ಯಾನೊಮೀಟರಿನ ಪದರವನ್ನೂ ಅದರ ಗಡಿಯನ್ನೂ ದಾಟುವುದೆಂದರೆ 65 ನ್ಯಾನೊಮೀಟರುಗಳಷ್ಟು ದಾಟಿದಂತೆ. ರೋಧ ಹದಿಮೂರು ಪಟ್ಟು ಹೆಚ್ಚಿತು. 60 ಎಂದಿದ್ದ ಉಷ್ಣವಾಹಕತೆ ಐದಕ್ಕಿಂತ ಕೆಳಗೆ ಇಳಿಯಿತು. ಮನೆಗಿಂತ ಹೊಸ್ತಿಲೇ ದೊಡ್ಡದಾಯಿತು! ಉಷ್ಣತೆಯ ನಕ್ಷೆಯನ್ನು ಬರೆದರೆ ಇಳಿಜಾರಿನ ಬದಲು ಮೆಟ್ಟಿಲುಗಳು ಕಾಣುತ್ತವೆ.

ವಿಜ್ಞಾನಿಗಳು ಇದನ್ನು ಬಗೆಬಗೆಯ ಗಣಿತಪ್ರತಿಮೆಗಳ ಮೂಲಕ ವಿವರಿಸಲೆತ್ನಿಸಿದರು. ಒಂದು ಪ್ರತಿಮೆಯಲ್ಲಿ ಗಡಿಯು ನುಣುಪಾದ ಕನ್ನಡಿಯಂತೆ. ಅಲೆ ಬಂದ ಕೋನದಿಂದ ಹೋಗುವ ಕೋನವನ್ನು ಗುಣಿಸಬಹುದು. 1989ರಲ್ಲಿ ಸ್ವಾರ್ಟ್ಜ್ ಮತ್ತು ಪೋಲ್ ವಿವರಿಸಿದ ಇನ್ನೊಂದು ಪ್ರತಿಮೆಯಲ್ಲಿ ಗಡಿಯು ಮಸುಕುಗಾಜಿನಂತೆ. ಅಲ್ಲಿಗೆ ಬಂದ ಫೋನಾನು ತಾನು ಎಲ್ಲಿಂದ ಬಂದೆನೆಂಬುದನ್ನೇ ಮರೆತು ಎತ್ತೆತ್ತಲೋ ಚದರುತ್ತದೆ. 1993ರಲ್ಲಿ ಅರುಣ್ ಮಜುಂದಾರರು ತೆಳುಪದರದಲ್ಲಿ ಸಾಗುವ ಫೋನಾನುಗಳನ್ನು ಬೆಳಕಿನ ಕಿರಣಗಳಂತೆ ಭಾವಿಸಿ ಸಮೀಕರಣವೊಂದನ್ನು ರೂಪಿಸಿದರು. ಇದರ ಮೂಲ, ಅನಿಲದ ಕಣಗಳಿಗಾಗಿ ಬೋಲ್ಟ್ಸ್‌ಮನ್ 1872ರಲ್ಲಿ ಕೊಟ್ಟ ಸಮೀಕರಣ. 1998ರಲ್ಲಿ ಗ್ಯಾಂಗ್ ಚೆನ್ ಇದೇ ದಾರಿಯಲ್ಲಿ ಮುಂದುವರಿದು ಅತಿಜಾಲಕಗಳ ಅಳತೆಗಳನ್ನು ಬಹುಮಟ್ಟಿಗೆ ವಿವರಿಸಿದನು. ಪದರ ದಪ್ಪವಾದಾಗ ಈ ಸಮೀಕರಣ ತಾನಾಗಿಯೇ ಫೂರಿಯೆಯ ನಿಯಮವಾಗಿ ಮಾರ್ಪಡುತ್ತದೆಂಬುದು ಗಮನಿಸಬೇಕಾದ ಸಂಗತಿ.

ಇಲ್ಲಿಗೆ ಸಮಸ್ಯೆ ಬಗೆಹರಿದಂತೆ ತೋರಬಹುದು. ಆದರೆ ಈ ತರ್ಕವನ್ನು ಕೊನೆಯವರೆಗೆ ಎಳೆದು ನೋಡಬೇಕು. ಪದರ ತೆಳುವಾದಷ್ಟೂ ಗಡಿಗಳ ಸಂಖ್ಯೆ ಹೆಚ್ಚು. ಗಡಿ ಹೆಚ್ಚಿದಷ್ಟೂ ಉಷ್ಣವಾಹಕತೆ ಕಡಿಮೆ. ಹಾಗಾದರೆ ಒಂದೊಂದು ಪರಮಾಣುವಿನ ದಪ್ಪದ ಪದರಗಳಲ್ಲಿ ಶಾಖದ ದಾರಿ ಬಹುತೇಕ ಮುಚ್ಚಿಹೋಗಬೇಕು. ಆದರೆ ಒಂದು ಸಾಲು ಈ ಪರಮಾಣು, ಒಂದು ಸಾಲು ಆ ಪರಮಾಣು ಎಂದು ಕ್ರಮವಾಗಿ ನಿಂತುದು ಪದರಗಳ ರಾಶಿಯಲ್ಲ. ಅದು ತಾನೇ ಒಂದು ಹೊಸ ಸ್ಫಟಿಕ. ಗ್ಯಾಲಿಯಂ ಆರ್ಸೆನೈಡಿನಲ್ಲಿಯೇ ಗ್ಯಾಲಿಯಂ ಸಾಲು, ಆರ್ಸೆನಿಕ್ ಸಾಲು ಎಂದು ಸರದಿ ಇಲ್ಲವೆ? ಅಲ್ಲಿ ಯಾವ ಸಾಲನ್ನೂ ಯಾರೂ ಗಡಿಯೆಂದು ಕರೆಯುವುದಿಲ್ಲ. ಪ್ರತಿಮೆಯು ಫೋನಾನನ್ನು ಕೇವಲ ಕಣವೆಂದು ಬಗೆದು, ಅದು ಅಲೆಯೂ ಹೌದೆಂಬುದನ್ನು ಮರೆತಿತ್ತು.

ಅಲೆಯ ಸುಳಿವು ಮೊದಲೇ ಸಿಕ್ಕಿತ್ತು. 1979ರಲ್ಲಿ ಭಾರತದಲ್ಲಿ ಜನಿಸಿದ ವೆಂಕಟೇಶ್ ನಾರಾಯಣಮೂರ್ತಿಯವರೂ ಅವರ ಸಹೋದ್ಯೋಗಿಗಳೂ ಬೆಲ್ ಪ್ರಯೋಗಾಲಯದಲ್ಲಿ, ಅತಿಜಾಲಕವು ಒಂದು ಆವರ್ತದ ಫೋನಾನುಗಳನ್ನು ಆಯ್ದು ತಡೆದು ಉಳಿದುವನ್ನು ಬಿಡುವುದೆಂದು ತೋರಿಸಿದ್ದರು. ಅನೇಕ ಗಡಿಗಳಿಂದ ಹಿಂದಿರುಗಿದ ಅಲೆಗಳು ಒಂದನ್ನೊಂದು ಕೂಡಿಕೊಂಡಾಗ ಮಾತ್ರ ಇಂಥ ಸೋಸುವಿಕೆ ಸಾಧ್ಯ. ಮರುವರ್ಷ, ಪದರಗಳ ಸರದಿಯಿಂದಲೇ ಹುಟ್ಟುವ ಹೊಸ ಕಂಪನಗಳನ್ನು ಅಮೆರಿಕದ ವಿಜ್ಞಾನಿಗಳು ಪತ್ತೆಹಚ್ಚಿದರು. ಅವರಿಗೆ ಆಗ ನೆರವಾದುದು 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರು ಕಂಡುಹಿಡಿದ ರಾಮನ್ ಪರಿಣಾಮ.

2000ದಲ್ಲಿ ಸಿಮ್ಕಿನ್ ಮತ್ತು ಮಹಾನ್ ಎಂಬಿಬ್ಬರು ಕಣದ ಗುಣವನ್ನೂ ಅಲೆಯ ಗುಣವನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿ ಒಂದು ಭವಿಷ್ಯವನ್ನು ನುಡಿದರು. ಪದರಗಳನ್ನು ತೆಳುಮಾಡುತ್ತ ಹೋದರೆ ಉಷ್ಣವಾಹಕತೆ ಮೊದಲು ಇಳಿಯುತ್ತದೆ, ಒಂದು ಕನಿಷ್ಠ ಬೆಲೆಯನ್ನು ಮುಟ್ಟುತ್ತದೆ, ಬಳಿಕ ಮತ್ತೆ ಏರುತ್ತದೆ ಎಂಬುದೇ ಅದು. 2012ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ತಂಡವು ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯುಮಿನಿಯಂ ಆರ್ಸೆನೈಡ್ ಪದರಗಳ ದಪ್ಪವನ್ನು ಬದಲಿಸದೆ ಜೋಡಿಗಳ ಸಂಖ್ಯೆಯನ್ನಷ್ಟೇ ಒಂದರಿಂದ ಒಂಬತ್ತರವರೆಗೆ ಹೆಚ್ಚಿಸಿತು. ಒಟ್ಟು ದಪ್ಪ ಹೆಚ್ಚಿದಂತೆ ಉಷ್ಣವಾಹಕತೆಯೂ ಹೆಚ್ಚಿತು. ಎಂದರೆ ಕೆಲವು ಅಲೆಗಳು ನಡುವಣ ಗಡಿಗಳನ್ನು ಲೆಕ್ಕಿಸದೆ ಇಡೀ ರಚನೆಯನ್ನು ಒಂದೇ ಸ್ಫಟಿಕವೆಂಬಂತೆ ದಾಟುತ್ತಿದ್ದುವು. 2014ರಲ್ಲಿ ಬರ್ಕ್ಲಿಯ ಸಂಶೋಧಕರು ಆಕ್ಸೈಡುಗಳ ಅತಿಜಾಲಕಗಳಲ್ಲಿ ಆ ಕನಿಷ್ಠ ಬೆಲೆಯನ್ನೇ ಸ್ಪಷ್ಟವಾಗಿ ಅಳೆದರು. ನುಡಿದ ಭವಿಷ್ಯ ಹದಿನಾಲ್ಕು ವರ್ಷಗಳ ಮೇಲೆ ನಿಜವಾಯಿತು.

ಈ ವಿದ್ಯೆಯಿಂದ ಲೋಕಕ್ಕೇನು ಪ್ರಯೋಜನ? ಲೇಸರು ಮಾಡುವವನಿಗೆ ಶಾಖ ಬೇಗ ಹೊರಗೆ ಹೋಗಬೇಕು. ಇಲ್ಲದಿದ್ದರೆ ಅವನ ಸಾಧನ ಬೆಂದುಹೋಗುತ್ತದೆ. ಶಾಖದಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವವನಿಗೆ ಬೇಕಾದುದು ಇದಕ್ಕೆ ವಿರುದ್ಧ. ಅವನ ವಸ್ತುವಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯಬೇಕು, ಶಾಖ ಮಾತ್ರ ತಡೆಯಬೇಕು. ಆಗಲೇ ಒಂದು ತುದಿ ಬಿಸಿಯಾಗಿಯೂ ಮತ್ತೊಂದು ತುದಿ ತಣ್ಣಗೂ ಉಳಿಯುವುದು. 1977ರಲ್ಲಿ ಉಡಾಯಿಸಿದ ವಾಯೇಜರ್ ನೌಕೆಗಳಿಗೆ ಸೂರ್ಯನ ಬೆಳಕು ಕ್ಷೀಣವಾದ ದೂರದಲ್ಲಿಯೂ ದಶಕಗಳ ಕಾಲ ವಿದ್ಯುತ್ತನ್ನು ಒದಗಿಸಿದುದು ಇಂಥ ಸಿಲಿಕಾನ್-ಜರ್ಮೇನಿಯಂ ಮಿಶ್ರ ಸ್ಫಟಿಕವೇ. 1993ರಲ್ಲಿ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹಾಸ್ ಈ ಕಾರ್ಯಕ್ಕೆ ತೆಳುಪದರಗಳು ಇನ್ನೂ ಉತ್ತಮವೆಂದು ಸೂಚಿಸಿದರು. ಎಂಜಿನುಗಳಿಂದಲೂ ಕಾರ್ಖಾನೆಗಳ ಚಿಮಣಿಗಳಿಂದಲೂ ವ್ಯರ್ಥವಾಗಿ ಹೋಗುವ ಶಾಖವನ್ನು ದುಡಿಸಿಕೊಳ್ಳಬೇಕೆಂಬ ಹಂಬಲ ಈ ಸಂಶೋಧನೆಯ ಹಿಂದಿದೆ. ಒಂದೇ ಗಡಿ ಒಬ್ಬನಿಗೆ ಶತ್ರು, ಇನ್ನೊಬ್ಬನಿಗೆ ಮಿತ್ರ.

ಹಾಗಾದರೆ ಫೂರಿಯೆಯ ನಿಯಮ ಸುಳ್ಳಾಯಿತೆ? ಇಲ್ಲ. ಒಲೆಯ ಮೇಲಿನ ಹೆಂಚು ಇಂದಿಗೂ ಆ ನಿಯಮದಂತೆಯೇ ಕಾಯುತ್ತದೆ. ಗೋಡೆ ಆ ನಿಯಮದಂತೆಯೇ ತಣಿಯುತ್ತದೆ. ನಿಯಮಕ್ಕೆ ಒಂದು ಎಲ್ಲೆ ಇದೆಯೆಂಬುದು ಮಾತ್ರ ತಿಳಿಯಿತು. ಎಲ್ಲೆಯನ್ನು ಅರಿತ ಮೇಲೆ ನಿಯಮದ ಬೆಲೆ ಕುಗ್ಗಲಿಲ್ಲ. ಅದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ವಿವೇಕ ಹೆಚ್ಚಿತು. ಕಣವೆಂಬ ಪ್ರತಿಮೆಗೂ ತನ್ನ ಎಲ್ಲೆಯಿತ್ತು. ಅಲೆಯೆಂಬ ಪ್ರತಿಮೆ ಅದನ್ನು ತೋರಿಸಿತು. ಪ್ರತಿಮೆಯೊಂದು ಅಳತೆಯೊಡನೆ ಹೊಂದದೆ ಹೋದಾಗ ಅಳತೆಯನ್ನು ದೂರದೆ, ಪ್ರತಿಮೆಯನ್ನು ಸುಮ್ಮನೆ ಎಸೆಯದೆ, ಅದು ಏನನ್ನು ಮರೆತಿದೆಯೆಂದು ತಾಳ್ಮೆಯಿಂದ ಕೇಳಿದವರಿಂದಲೇ ಈ ತಿಳಿವು ಬೆಳೆದುಬಂದಿದೆ.

ಅಭ್ಯಾಸ

ಪದಗಳ ಅರ್ಥ
ರೋಧ – ತಡೆ, ಅಡ್ಡಿ
ಮೂಸೆ – ಲೋಹವನ್ನು ಕರಗಿಸುವ ಪಾತ್ರೆ
ಜಾಲಕ – ಪರಮಾಣುಗಳು ಕ್ರಮವಾಗಿ ನಿಂತ ಜೋಡಣೆ
ಆವರ್ತ – ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಫೂರಿಯೆಯ ಗ್ರಂಥ ಯಾವ ವರ್ಷ ಪ್ರಕಟವಾಯಿತು?
2. ಮುಕ್ತಪಥ ಎಂದರೇನು?
3. ಅರೆವಾಹಕಗಳಲ್ಲಿ ಶಾಖವನ್ನು ಹೆಚ್ಚಾಗಿ ಸಾಗಿಸುವುದು ಯಾವುದು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಅತಿಜಾಲಕವನ್ನು ಹೇಗೆ ತಯಾರಿಸುತ್ತಾರೆ?
2. ಹಗ್ಗಗಳ ಉದಾಹರಣೆ ಯಾವ ಸಂಗತಿಯನ್ನು ತಿಳಿಸುತ್ತದೆ?
3. 'ಮನೆಗಿಂತ ಹೊಸ್ತಿಲೇ ದೊಡ್ಡದಾಯಿತು' ಎಂಬ ಮಾತಿನ ಸ್ವಾರಸ್ಯವೇನು?

ಇ. ವಿವರವಾಗಿ ಬರೆಯಿರಿ.
1. ಪದರಗಳನ್ನು ತೆಳುಮಾಡುತ್ತ ಹೋದಂತೆ ಉಷ್ಣವಾಹಕತೆ ಮೊದಲು ಇಳಿದು ಬಳಿಕ ಏರುವುದೇಕೆ?
2. ನಿಯಮವೊಂದಕ್ಕೆ ಎಲ್ಲೆಯಿದೆ ಎಂಬುದಕ್ಕೂ ಅದು ಸುಳ್ಳು ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಪಾಠದ ಆಧಾರದಿಂದ ವಿವರಿಸಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಪರಮಾಣು, ಮತ್ತೊಂದು, ತೆಳುವಾದ